ಗುಂಟೆಗೆ ಗುಂಟೆ ಸರಿ

ಅಂಕಗಣಿತದ ಪುಸ್ತಕದಲ್ಲಿ ಬರುವ ಒಂದು ಬಗೆಯ ಲೆಕ್ಕವನ್ನು ನೀವೆಲ್ಲರೂ ಬಿಡಿಸಿರುತ್ತೀರಿ. ಒಬ್ಬ ರೈತನಿಗೆ 12 ಎಕರೆ 16 ಗುಂಟೆ ಜಮೀನಿದೆ. ಅದನ್ನು ಅವನ ಇಬ್ಬರು ಮಕ್ಕಳಿಗೆ ಸಮನಾಗಿ ಹಂಚಿದರೆ ಒಬ್ಬೊಬ್ಬರಿಗೆ ಎಷ್ಟು ಬರುತ್ತದೆ? ನಲವತ್ತು ಗುಂಟೆಗೆ ಒಂದು ಎಕರೆ ಎಂಬುದನ್ನು ಬಲ್ಲ ಬಾಲಕನು ಅರೆ ನಿಮಿಷದಲ್ಲಿ 6 ಎಕರೆ 8 ಗುಂಟೆ ಎಂದು ಉತ್ತರ ಬರೆಯುತ್ತಾನೆ. ಗುರುಗಳು ಪೂರ್ಣ ಅಂಕ ಕೊಡುತ್ತಾರೆ. ನಾವೂ ಈ ಲೆಕ್ಕವನ್ನು ಒಮ್ಮೆ ಬಿಡಿಸಿದ್ದೇವೆ. ಆದರೆ ಪುಸ್ತಕದಲ್ಲಲ್ಲ, ನಮ್ಮ ಮನೆತನದ ಹೊಲದ ಮೇಲೆ. ಉತ್ತರ ಸರಿಯಾಗಿಯೇ ಇತ್ತು. ಮಾಡಿದ ಕೆಲಸ ತಪ್ಪಾಗಿತ್ತು. ಅದು ತಪ್ಪೆಂದು ತಿಳಿಯಲು ನಮಗೆ ಹದಿನಾರು ವರ್ಷಗಳು ಬೇಕಾದವು. ಆ ಕಥೆಯನ್ನು ಈ ವಾರ್ಷಿಕ ಸಂಚಿಕೆಯ ಕಿರಿಯ ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ನಮ್ಮ ಊರು ವಿಜಾಪುರ ಸೀಮೆಯದು. ಇಂದು ಆ ಜಿಲ್ಲೆಗೆ ವಿಜಯಪುರವೆಂದು ಹೆಸರು. ತಂದೆಯವರು ಉದ್ಯೋಗಕ್ಕಾಗಿ ಪುಣೆಗೆ ಬಂದು ನೆಲೆಸಿದರು. ಚಿಕ್ಕಪ್ಪನವರು ಊರಲ್ಲೇ ಉಳಿದು ಒಕ್ಕಲುತನ ಮಾಡಿದರು. ಅಜ್ಜನವರು ತೀರಿಕೊಂಡ ಮೇಲೆ, 1987ರ ಬೇಸಿಗೆಯಲ್ಲಿ, ಅಣ್ಣತಮ್ಮಂದಿರ ನಡುವೆ ವಾಟಣಿಯಾಯಿತು. ಮನೆಯಲ್ಲಿ ಹೆಚ್ಚು ಓದಿದವರು ನಾವೆಂದು ಲೆಕ್ಕ ಮಾಡುವ ಭಾರ ನಮ್ಮ ಮೇಲೆ ಬಿದ್ದಿತು. ಹೊಲ ಒಂದಕ್ಕೊಂದು ತಗುಲಿದ ಎರಡು ಸರ್ವೆ ನಂಬರುಗಳಲ್ಲಿತ್ತು: ಹಳ್ಳದ ಕಡೆಯ ಮೂಡಣ ನಂಬರು 7 ಎಕರೆ 4 ಗುಂಟೆ, ದಿಬ್ಬದ ಕಡೆಯ ಪಡುವಣ ನಂಬರು 5 ಎಕರೆ 12 ಗುಂಟೆ. ನಾವು ಮೂಡಣದಿಂದ 36 ಗುಂಟೆಗಳನ್ನು ಕತ್ತರಿಸಿ ಪಡುವಣಕ್ಕೆ ಸೇರಿಸಿದೆವು. ಎರಡು ಕಡೆಗೂ 6 ಎಕರೆ 8 ಗುಂಟೆ. ಬಳಿಕ ಚೀಟಿ ಎತ್ತಿಸಲಾಯಿತು. ಮೂಡಣ ಪಾಲು ನಮ್ಮ ತಂದೆಯವರಿಗೆ ಬಂದಿತು. ಗುಂಟೆಗೆ ಗುಂಟೆ ಸರಿ, ಚೀಟಿಯಲ್ಲಿ ದೈವದ ಇಚ್ಛೆ. ಇದಕ್ಕಿಂತ ಹೆಚ್ಚಿನ ನ್ಯಾಯ ಯಾವುದಿದ್ದೀತು ಎಂದು ನಾವು ಬೀಗಿದೆವು. ಚಿಕ್ಕಪ್ಪನವರು ಕಾಗದದ ಮೇಲೆ ಸಹಿ ಮಾಡಿ, ಟೋಪಿ ತಲೆಗಿಟ್ಟುಕೊಂಡು, ಮಾತಿಲ್ಲದೆ ಎದ್ದು ಹೋದರು. ಆ ಮೌನವನ್ನು ನಾವು ಒಪ್ಪಿಗೆಯೆಂದು ಓದಿದೆವು.

ಪುಣೆಯಿಂದ ನಮ್ಮೂರಿಗೆ ಹೋಗುವ ಬಸ್ಸು ಸೊಲ್ಲಾಪುರದ ದಾರಿಯಲ್ಲಿ ಇಂದಾಪುರವನ್ನು ಹಾದುಹೋಗುತ್ತದೆ. ಎಷ್ಟೋ ಸಾರಿ ಅಲ್ಲಿ ಚಹ ಕುಡಿದಿದ್ದೆವು. ನಾವು ಬಳಸುವ ಎಕರೆ, ಗುಂಟೆ, ಆಕಾರಗಳ ಪದ್ಧತಿಯು ಮುಂಬಯಿ ಇಲಾಖೆಯಲ್ಲೆಲ್ಲ ಹಬ್ಬಿದ್ದು ಆ ತಾಲೂಕಿನಿಂದಲೇ ಎಂಬ ಸಂಗತಿ ನಮಗೆ ತಿಳಿದದ್ದು ಬಹಳ ತಡವಾಗಿ, ಗ್ರಂಥಾಲಯದಲ್ಲಿ ಒಂದು ಹಳೆಯ ಗ್ಯಾಸೆಟಿಯರನ್ನು ತಿರುವುತ್ತಿದ್ದಾಗ.

ಪೇಶವೆಯವರ ಆಳ್ವಿಕೆ 1818ರಲ್ಲಿ ಮುಗಿದ ಬಳಿಕ ಇಂಗ್ಲಿಷರಿಗೆ ದಖ್ಖನಿನ ಭೂಮಿಯ ಕಂದಾಯವನ್ನು ಗೊತ್ತುಪಡಿಸುವ ಕೆಲಸ ಬಂದಿತು. 1828ರ ಸುಮಾರಿಗೆ ಪ್ರಿಂಗಲ್ ಎಂಬ ಅಧಿಕಾರಿಯು ಪುಣೆಯ ಪ್ರಾಂತದಲ್ಲಿ ಮೋಜಣಿ ಕೈಕೊಂಡನು. ಪ್ರತಿಯೊಂದು ಬಗೆಯ ಮಣ್ಣಿನಲ್ಲಿಯೂ ಬೆಳೆ ಎಷ್ಟು, ಖರ್ಚು ಎಷ್ಟು, ಉಳಿಯುವುದೆಷ್ಟು ಎಂದು ಲೆಕ್ಕ ಹಾಕಿ, ಉಳಿದುದರಲ್ಲಿ ನೂರಕ್ಕೆ 55ರಷ್ಟನ್ನು ಸರ್ಕಾರಕ್ಕೆ ತೆಗೆದುಕೊಳ್ಳಬೇಕೆಂಬುದು ಅವನ ವಿಚಾರ. ಕಾಗದದ ಮೇಲೆ ಸೊಗಸಾದ ವಿಚಾರವೇ. ಆದರೆ ಅಳತೆಗಳು ದೋಷಯುಕ್ತವಾಗಿದ್ದವು. ಅಂದಾಜುಗಳು ನೆಲಕ್ಕೆ ಹೊಂದಲಿಲ್ಲ. ಕಂದಾಯ ಹೊರಲಾರದೆ ರೈತರು ಹೊಲಗಳನ್ನು ಬಿಟ್ಟುಹೋದರು. ಆಗ 1835ರಲ್ಲಿ ಗೋಲ್ಡ್‌ಸ್ಮಿಡ್ ಎಂಬ ಅಧಿಕಾರಿಯೂ ವಿಂಗೇಟ್ ಎಂಬ ಸೇನಾ ಇಂಜಿನಿಯರನೂ ಇಂದಾಪುರಕ್ಕೆ ಬಂದು ಕೆಲಸವನ್ನು ಮೊದಲಿನಿಂದ ಆರಂಭಿಸಿದರು. ಅವರು ನಿರ್ಣಯಿಸಿದ ದರಗಳನ್ನು ಮೂವತ್ತು ವರ್ಷ ಬದಲಿಸದಂತೆ ಇಡಲಾಯಿತು. 1847ರ ಜಂಟಿ ವರದಿಯಲ್ಲಿ ಈ ಪದ್ಧತಿಯ ನಿಯಮಗಳು ಸ್ಥಿರಗೊಂಡು, ಅಂದು ಮುಂಬಯಿ ಇಲಾಖೆಗೆ ಸೇರಿದ್ದ ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ ಸೀಮೆಗಳಿಗೂ ಅದೇ ಮೋಜಣಿ ಬಂದಿತು.

ಅವರ ಸಾಧನಗಳು ಸರಳವಾದವು. 33 ಅಡಿ ಉದ್ದದ ಒಂದು ಸರಪಳಿ. ಅದಕ್ಕೆ ಹದಿನಾರು ಭಾಗ, ಭಾಗಕ್ಕೆ ಒಂದು ಆಣೆ ಎಂದು ಹೆಸರು. ಸರಪಳಿಯಷ್ಟು ಉದ್ದ, ಸರಪಳಿಯಷ್ಟೇ ಅಗಲದ ನೆಲ ಒಂದು ಗುಂಟೆ, ಅಂದರೆ 1089 ಚದರಡಿ. ಇದನ್ನು ನಲವತ್ತರಿಂದ ಗುಣಿಸಿ ನೋಡಿರಿ. ಎಕರೆಯ 43,560 ಚದರಡಿಗಳು ಕೂಡಲೇ ಕೈಗೆ ಬರುತ್ತವೆ. ಆದರೆ ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಹೊಲವನ್ನು ಸಣ್ಣ ಭಾಗಗಳಾಗಿ ವಿಂಗಡಿಸಿ, ಪ್ರತಿ ಭಾಗದಲ್ಲಿಯೂ ಅಗೆದು ಮಣ್ಣಿನ ಬಣ್ಣವನ್ನೂ ಆಳವನ್ನೂ ನೋಡಿದರು. ಉತ್ತಮ ಜಾತಿಯ ಮಣ್ಣು ಒಂದೂಮುಕ್ಕಾಲು ಮೊಳ ಆಳವಿದ್ದರೆ ಅದು ಹದಿನಾರಾಣೆಯ ನೆಲ. ಆಳ ಕಡಿಮೆಯಾದಂತೆ ಹದಿನಾಲ್ಕಾಣೆ, ಹನ್ನೆರಡಾಣೆ ಎಂದು ಬೆಲೆ ಇಳಿಯುತ್ತದೆ. ಕಲ್ಲು, ಮರಳು, ಇಳಿಜಾರು ಮುಂತಾದ ದೋಷಗಳಿದ್ದರೆ ಮತ್ತೆ ಇಳಿಯುತ್ತದೆ. ಈ ಆಣೆಗಳನ್ನು ಕೂಡಿಸಿ ಹೊಲದ ಆಕಾರವನ್ನು, ಅಂದರೆ ಅದು ಕೊಡಬೇಕಾದ ಕಂದಾಯವನ್ನು, ನಿಶ್ಚಯಿಸಿದರು.

ಇದನ್ನು ಓದುತ್ತಿದ್ದಂತೆ ನಮಗೆ ಮೈ ಬಿಸಿಯಾಯಿತು. ತೆರಿಗೆ ವಸೂಲು ಮಾಡಲು ಬಂದ ಪರದೇಶದವರಿಗೆ ಗುಂಟೆಗೂ ಗುಂಟೆಗೂ ಅಂತರವಿದೆಯೆಂಬುದು ಗೊತ್ತಿತ್ತು. ಆ ಹೊಲದ ಜೋಳವನ್ನುಂಡು ಬೆಳೆದ ನಮಗೆ ಅದು ಹೊಳೆದಿರಲಿಲ್ಲ!

ಆ ವೇಳೆಗೆ ಕರ್ನಾಟಕ ಸರ್ಕಾರವು ‘ಭೂಮಿ’ ಯೋಜನೆಯಲ್ಲಿ ಕೈಬರಹದ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸುತ್ತಿತ್ತು. ತಂದೆಯವರು ತೀರಿಕೊಂಡಿದ್ದರಾದ್ದರಿಂದ ಹೆಸರು ಬದಲಿಸಬೇಕಾಗಿ, ಹಳೆಯ ಕಾಗದಗಳಿದ್ದ ಟ್ರಂಕನ್ನು ತೆರೆದೆವು. ಅಜ್ಜನವರ ಕಾಲದ ಉತಾರ ಅದರಲ್ಲಿತ್ತು. ಮೂಡಣ ನಂಬರಿನ ಆಕಾರ 7 ರೂಪಾಯಿ 8 ಆಣೆ. ಪಡುವಣದ್ದು 2 ರೂಪಾಯಿ 4 ಆಣೆ. ಈ ಕಾಗದವನ್ನು 1987ರಲ್ಲಿಯೂ ನಾವು ಕೈಯಲ್ಲಿ ಹಿಡಿದಿದ್ದೆವು. ಅಂದು ಎಕರೆಯ ಅಂಕಣವನ್ನು ಮಾತ್ರ ಓದಿ, ಒಂದು ಊಟದ ಬೆಲೆಯೂ ಆಗದ ಈ ಸಣ್ಣ ಮೊತ್ತಗಳನ್ನು ಕಡೆಗಣಿಸಿದ್ದೆವು. ಈಗ ಪೆನ್ಸಿಲು ಹಿಡಿದು ಕುಳಿತೆವು. ಮೂಡಣದ ಒಂದು ಎಕರೆಗೆ ಒಂದು ರೂಪಾಯಿಗಿಂತ ತುಸು ಹೆಚ್ಚು. ಪಡುವಣದ ಒಂದು ಎಕರೆಗೆ ಏಳಾಣೆಗೂ ಕಡಿಮೆ. ಅದರಂತೆ ನಾವು ಮಾಡಿದ ‘ಸಮಪಾಲಿ’ನಲ್ಲಿ ನಮ್ಮ ಕಡೆಗೆ ಸುಮಾರು 6 ರೂಪಾಯಿ 9 ಆಣೆಯ ನೆಲವೂ ಚಿಕ್ಕಪ್ಪನವರ ಕಡೆಗೆ 3 ರೂಪಾಯಿ 3 ಆಣೆಯ ನೆಲವೂ ಬಂದಿದ್ದವು. ಎರಡು ಪಾಲು ನಮಗೆ, ಒಂದು ಪಾಲು ಅವರಿಗೆ. ಆ ಮೌನದ ಅರ್ಥ ಆಗ ನಮಗಾಯಿತು.

ಆದರೆ ಲೆಕ್ಕ ಇಲ್ಲಿಗೂ ಮುಗಿಯಲಿಲ್ಲ. ಮೂಡಣ ಹೊಲದಲ್ಲಿ ಒಂದು ಬಾವಿಯಿತ್ತು. 1972ರ ಬರಗಾಲವನ್ನು ಕಂಡ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಅವರನ್ನು ಕೇಳಿರಿ. ಮಹಾರಾಷ್ಟ್ರದಲ್ಲಿಯೂ ನಮ್ಮ ಸೀಮೆಯಲ್ಲಿಯೂ ಅದು ತಂದ ಸಂಕಟವನ್ನು ಅವರು ಹೇಳಿಯಾರು. ಅದರ ಮರುವರ್ಷ ಚಿಕ್ಕಪ್ಪನವರು ಬಾವಿ ತೋಡತೊಡಗಿದರು. ಎರಡು ಬೇಸಿಗೆ ತೋಡಿದರು. ಮದ್ದು ಹಾಕಿ ಬಂಡೆ ಒಡೆಸಲು ಚಿಕ್ಕಮ್ಮನವರ ಪಾಟ್ಲಿಗಳು ಹೋದವು. ಒಂದು ಜೋಡಿ ಎತ್ತು ಹೋಯಿತು. ಹಳ್ಳದ ಕಡೆಗೆ ಮಣ್ಣು ಕೊಚ್ಚಿಹೋಗದಂತೆ ಕಲ್ಲಿನ ಒಡ್ಡನ್ನೂ ಅವರೇ ಕಟ್ಟಿದರು. ಪಹಣಿಯಲ್ಲಿ ಇದೆಲ್ಲ ಎಲ್ಲಿದೆ ಎಂದು ಹುಡುಕಿದೆವು. ನೀರಿನ ಮೂಲದ ಅಂಕಣದಲ್ಲಿ ‘ಬಾವಿ’ ಎಂಬ ಒಂದು ಪದವಿತ್ತು. ಎಷ್ಟು ಆಳ, ಯಾರು ತೋಡಿದರು, ಏನು ಬೆಲೆ ಬಿತ್ತು ಎಂಬುದಿರಲಿಲ್ಲ. ಒಡ್ಡಿನ ಹೆಸರೇ ಇರಲಿಲ್ಲ.

ಇದು ಬರೆದವರ ಅಲಕ್ಷ್ಯವೆಂದು ಮೊದಲು ಎಣಿಸಿದೆವು. ವಿಚಾರಿಸಲಾಗಿ ಬೇರೆ ಕಾರಣ ಕಂಡಿತು. ರೈತನು ತನ್ನ ಖರ್ಚಿನಿಂದ ಮಾಡಿದ ಸುಧಾರಣೆಗಳ ಮೇಲೆ ಕಂದಾಯ ಏರಿಸಬಾರದೆಂಬುದು ಈ ಪದ್ಧತಿಯ ಒಂದು ಮುಖ್ಯ ತತ್ತ್ವ. 1879ರ ಮುಂಬಯಿ ಭೂಕಂದಾಯ ಕಾನೂನು ಕೂಡ ಅದನ್ನು ಹೇಳಿತು. ತತ್ತ್ವ ಒಳ್ಳೆಯದೇ. ಬಾವಿ ತೋಡಿದವನಿಗೆ ತೆರಿಗೆಯ ದಂಡ ಬೀಳಬಾರದಷ್ಟೆ. ಆದರೆ ತೆರಿಗೆಯ ಭಯದಿಂದ ಬಾವಿಯನ್ನು ಕಾಪಾಡಿದ ಆ ಮೌನವೇ, ಪಾಲು ಹಂಚುವ ದಿನ, ಬಾವಿ ತೋಡಿದವನ ಬಾಯನ್ನು ಮುಚ್ಚಿತು. ಕಾಗದವು ಸುಳ್ಳು ಹೇಳಿರಲಿಲ್ಲ. ತನಗೆ ಸಂಬಂಧಪಡದ ಪ್ರಶ್ನೆಗೆ ಉತ್ತರ ಕೊಟ್ಟಿರಲಿಲ್ಲ, ಅಷ್ಟೆ. ಕಂದಾಯಕ್ಕಾಗಿ ಅಳೆದದ್ದನ್ನು ನಾವು ನ್ಯಾಯಕ್ಕಾಗಿ ಬಳಸಿಕೊಂಡಿದ್ದೆವು.

ನಮ್ಮ ಒಂದು ಹೊಲದ ಈ ತೊಡಕೇ ಇಡೀ ದೇಶದ ಹಳೆಯ ಸಂಪತ್ತನ್ನು ಅಳೆಯುವ ಇತಿಹಾಸಕಾರರಿಗೂ ಇದೆ. ಒಂದು ನಾಡಿನಲ್ಲಿ ನೂರು ವರ್ಷಗಳ ಹಿಂದೆ ಬೇಸಾಯದ ನೆಲವೆಷ್ಟಿತ್ತು, ಎತ್ತು, ಗಾಡಿ, ನೇಗಿಲು, ಬಾವಿ, ಗಿರಣಿ, ರೈಲುಗಳೆಂಬ ಬಂಡವಾಳವೆಷ್ಟಿತ್ತು ಎಂದು ಅವರು ಕೇಳುತ್ತಾರೆ. ಉತ್ತರಗಳು ಎಲ್ಲ ಕಡೆಗೂ ಒಂದೇ ಸಮನಾಗಿ ಸಿಗುವುದಿಲ್ಲ. 1853ರಲ್ಲಿ ಮುಂಬಯಿಯಿಂದ ಠಾಣೆಗೆ ಮೊದಲ ರೈಲು ಓಡಿತು. ರೈಲು ಕಂಪನಿಗಳು ಹಾಕಿದ ಬಂಡವಾಳಕ್ಕೆ ನೂರಕ್ಕೆ 5ರಂತೆ ಬಡ್ಡಿಯ ಭರವಸೆಯನ್ನು ಸರ್ಕಾರ ಕೊಟ್ಟಿದ್ದರಿಂದ ಆ ಬಂಡವಾಳದ ಲೆಕ್ಕ ಕಟ್ಟುನಿಟ್ಟಾಗಿ ಉಳಿಯಿತು. ಮುಂಬಯಿಯ ಹತ್ತಿಯ ಗಿರಣಿಗಳ ಮಾಲೀಕರು 1875ರಲ್ಲಿ ಸಂಘ ಕಟ್ಟಿಕೊಂಡು ಕದಿರುಗಳನ್ನೂ ಮಗ್ಗಗಳನ್ನೂ ಎಣಿಸಿಟ್ಟರು. ನೆಲವನ್ನು ಕಂದಾಯಕ್ಕಾಗಿ ಗುಂಟೆಯವರೆಗೆ ಅಳೆದರು. ಎತ್ತು, ಗಾಡಿ, ನೇಗಿಲುಗಳ ಸಂಖ್ಯೆಗಳು 1884ರಲ್ಲಿ ಅಚ್ಚಾದ ಧಾರವಾಡದ ಗ್ಯಾಸೆಟಿಯರಿನಂಥ ಗ್ರಂಥಗಳಲ್ಲಿ ದೊರೆಯುತ್ತವೆ. ಆದರೆ ದೇಶವ್ಯಾಪಿಯಾದ ಜಾನುವಾರು ಗಣತಿ ಆರಂಭವಾದದ್ದು 1919ರಲ್ಲಿ. ಯಾವುದರಿಂದ ಯಾರಿಗೆ ಹಣ ಬರಬೇಕಾಗಿತ್ತೋ ಅದನ್ನು ಅವರು ಚೆನ್ನಾಗಿ ಅಳೆದರು. ಮನೆಯ ಹೆಂಗಸರು ಬುಟ್ಟಿಯಲ್ಲಿ ಮಣ್ಣು ಹೊತ್ತು ಹಾಕಿದ ಒಡ್ಡಿನಿಂದ ಯಾರಿಗೂ ತೆರಿಗೆ ಬರುತ್ತಿರಲಿಲ್ಲ. ಅದನ್ನು ಅಳೆದವರೂ ಇಲ್ಲ.

ಇನ್ನು ಸೀಮೆ ಸೀಮೆಗಳನ್ನು ಹೋಲಿಸುವ ಕಷ್ಟ. ನಮ್ಮ ಶಾಸನಗಳಲ್ಲಿ ನೆಲವನ್ನು ಮತ್ತರು, ಕಮ್ಮಗಳಲ್ಲಿ ಹೇಳಿದ್ದಾರೆ. ಅಳೆದ ಕೋಲು ಊರೂರಿಗೆ ಬೇರೆಯಾದ್ದರಿಂದ ಒಂದು ಕಡೆಯ ಮತ್ತರು ಇನ್ನೊಂದು ಕಡೆಯದಕ್ಕೆ ಸಮವಲ್ಲ. ಮೈಸೂರಿನ ಕಡೆ ಖಂಡುಗ ಎಂದರೆ ಖಂಡುಗ ಬೀಜ ಬಿತ್ತುವಷ್ಟು ನೆಲ. ಗದ್ದೆಯ ಖಂಡುಗವೇ ಬೇರೆ, ಹೊಲದ ಖಂಡುಗವೇ ಬೇರೆ. ನಮ್ಮ ಕಡೆಯ ಕೂರಿಗೆಯೂ ಎತ್ತಿನ ಬಲವನ್ನು ಅವಲಂಬಿಸಿದ ಅಳತೆಯೇ. ಇಂದಾಪುರದ ಪದ್ಧತಿಯಲ್ಲಿ ಸಹ ಒಂದು ಊರಿನೊಳಗೆ ಆಣೆಗೆ ಆಣೆಯನ್ನು ಹೋಲಿಸಬಹುದು. ಆದರೆ ಊರುಗಳ ಗುಂಪಿಗೆ ಹವೆ, ಪೇಟೆಯ ದೂರ, ಬೇಸಾಯದ ಮಟ್ಟಗಳನ್ನು ನೋಡಿ ಬೇರೆ ಬೇರೆ ದರ ಹಾಕಿದ್ದರಿಂದ, ಒಂದು ತಾಲೂಕಿನ ರೂಪಾಯಿಯನ್ನು ಇನ್ನೊಂದರ ರೂಪಾಯಿಯ ಪಕ್ಕದಲ್ಲಿಟ್ಟು ಮಣ್ಣಿನ ಗುಣವನ್ನು ತೀರ್ಮಾನಿಸಲಾಗದು.

ನಾವು ಮಾಡಿದಂಥ ತಪ್ಪನ್ನು ದೊಡ್ಡ ಪ್ರಮಾಣದಲ್ಲಿ ಹಿಡಿದು ತೋರಿಸಿದವರು ದಾದಾಭಾಯಿ ನವರೋಜಿಯವರು. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಅವರು 1876ರಲ್ಲಿ ಭಾರತದ ಬಡತನವನ್ನು ಕುರಿತು ಮುಂಬಯಿಯಲ್ಲಿ ಓದಿದ ಪ್ರಬಂಧದಲ್ಲಿ ಪ್ರಾಂತ ಪ್ರಾಂತದ ಸಾಗುವಳಿ ನೆಲ ಮತ್ತು ಬೆಳೆಗಳನ್ನು ಲೆಕ್ಕ ಹಾಕಿ, ತಲೆಗೆ ವರ್ಷಕ್ಕೆ 20 ರೂಪಾಯಿಯಷ್ಟೇ ಉತ್ಪನ್ನವೆಂದು ತೋರಿಸಿದರು. ಸರ್ಕಾರಿ ವರದಿಗಳು ಸರಾಸರಿ ತೆಗೆಯುವ ರೀತಿಯೇ ತಪ್ಪೆಂದು ಅವರು ಹೇಳಿದರು. ನೀವೇ ನೋಡಿರಿ: ನೀರಾವರಿಯ ಒಂದು ಎಕರೆ 10 ಚೀಲ ಬೆಳೆಯುತ್ತದೆ, ಒಣ ಬೇಸಾಯದ 9 ಎಕರೆ ತಲಾ 2 ಚೀಲ ಬೆಳೆಯುತ್ತವೆ. 10 ಮತ್ತು 2ನ್ನು ಕೂಡಿಸಿ ಅರ್ಧ ಮಾಡಿದರೆ ಎಕರೆಗೆ 6 ಚೀಲ, ನಾಡು ಸುಖವಾಗಿದೆ! ಆದರೆ 10 ಎಕರೆಯಿಂದ ಕಣಕ್ಕೆ ಬಂದದ್ದು 28 ಚೀಲ. ಎಕರೆಗೆ ಮೂರೂ ಇಲ್ಲ. ತೂಕ ನೋಡದ ಸರಾಸರಿಯೂ ಗುಣ ನೋಡದ ಸಮಪಾಲೂ ಒಂದೇ ತಾಯಿಯ ಮಕ್ಕಳು.

2003ರಲ್ಲಿ ನಾವು ಆ ಉತಾರವನ್ನು ಹಿಡಿದುಕೊಂಡು ಊರಿಗೆ ಹೋದೆವು. ಚಿಕ್ಕಪ್ಪನವರು ಕಟ್ಟೆಯ ಮೇಲೆ ಕುಳಿತಿದ್ದರು. ನಮ್ಮ ಲೆಕ್ಕವನ್ನೆಲ್ಲ ಅವರ ಮುಂದಿಟ್ಟು, ಅಂದು ಏಕೆ ಒಂದು ಮಾತು ಹೇಳಲಿಲ್ಲವೆಂದು ಕೇಳಿದೆವು. “ಕಾಗದದಾಗ ಲೆಕ್ಕ ಬರೋಬ್ಬರಿ ಇತ್ತಲ್ಲ ತಮ್ಮಾ,” ಎಂದರು ಅವರು. “ಕಾಗದದಾಗ ಇಲ್ಲದ್ದನ್ನ ನಾ ಯಾವ ಬಾಯಿಲೆ ಕೇಳ್ಲಿ?”

ಬಳಿಕ ಲೆಕ್ಕವನ್ನು ಮತ್ತೊಮ್ಮೆ ಮಾಡಿದೆವು. ಈ ಸಾರಿ ಅವರೇ ಗುರುಗಳು. ಬಾವಿ ತೋಡುವಾಗ ತಂದೆಯವರು ಪುಣೆಯಿಂದ ತಿಂಗಳಿಗೆ 30 ರೂಪಾಯಿಯಂತೆ ಎರಡು ವರ್ಷ ಮನಿಯಾರ್ಡರ್ ಕಳಿಸಿದ್ದನ್ನು ಅವರು ತಾವಾಗಿ ನೆನಪಿಸಿದರು. 720 ರೂಪಾಯಿ ಎಂದು ನಾವು ಬರೆದುಕೊಂಡೆವು. ಅವರು ನಕ್ಕು, ಅಂದಿನ ರೂಪಾಯಿಯನ್ನು ಇಂದಿನ ರೂಪಾಯಿಯ ಜೊತೆ ಕೂಡಿಸುವುದು ಹೇಗೆ, ಆ ದುಡ್ಡಿಗೆ ಅಂದು ಎಷ್ಟು ಚೀಲ ಜೋಳ ಬರುತ್ತಿತ್ತೋ ಅಷ್ಟು ಬರೆ ಎಂದರು. ಪಾಟ್ಲಿಯನ್ನು ಜೋಳದಲ್ಲಿ ಬರೆದೆವು, ಎತ್ತನ್ನು ಜೋಳದಲ್ಲಿ ಬರೆದೆವು, ಕೂಲಿಯನ್ನು ಜೋಳದಲ್ಲಿ ಬರೆದೆವು. ಬೇರೆ ಬೇರೆ ಕಾಲದ ಬೆಲೆಗಳನ್ನು ಒಂದು ಸ್ಥಿರವಾದ ಅಳತೆಗೆ ತರಬೇಕೆಂದು ಅರ್ಥಶಾಸ್ತ್ರಜ್ಞರು ಹೇಳುವುದೂ ಇದನ್ನೇ. ರೇಮಂಡ್ ಗೋಲ್ಡ್‌ಸ್ಮಿತ್ ಎಂಬ ಅಮೆರಿಕದ ವಿದ್ವಾಂಸರು 1951ರಲ್ಲಿ ರಾಷ್ಟ್ರಸಂಪತ್ತನ್ನು ಎಣಿಸುವ ಒಂದು ವಿಧಾನವನ್ನು ವಿವರಿಸಿದರು: ವರ್ಷ ವರ್ಷವೂ ಹೊಸದಾಗಿ ಕಟ್ಟಿದ್ದನ್ನು ಸ್ಥಿರ ಬೆಲೆಯಲ್ಲಿ ಕೂಡಿಸುತ್ತ, ಹಳೆಯದರ ಸವಕಳಿಯನ್ನು ಕಳೆಯುತ್ತ ಹೋಗಬೇಕು. ಭಾರತದ ಆರ್ಥಿಕ ಬೆಳವಣಿಗೆಯನ್ನು ಕುರಿತೂ ಅವರು ಮುಂದೆ ಗ್ರಂಥ ಬರೆದರು.

ಸವಕಳಿಯೆಂದರೇನೆಂಬುದನ್ನು ನಾವು ಅದೇ ಸಂಜೆ ಕಣ್ಣಾರೆ ಕಂಡೆವು. 1987ರಲ್ಲಿ ನಾವು ಹಾಕಿದ ಹೊಸ ಬದುವಿನಿಂದ ಮೂವತ್ತು ಹೆಜ್ಜೆ ದೂರದಲ್ಲಿ ಬಾವಿಯಿತ್ತು. ಹದಿನಾರು ವರ್ಷ ಚಿಕ್ಕಪ್ಪನವರು ಅದನ್ನು ಆ ಬದುವಿನ ಮೇಲೆ ನಿಂತು ನೋಡಿದ್ದರು. ಸುತ್ತಲೂ ಕೊಳವೆಬಾವಿಗಳಾಗಿ ಅದರ ನೀರು ತಳಕ್ಕಿಳಿದಿತ್ತು. ಒಂದು ಮಗ್ಗುಲಿನ ಕಲ್ಲು ಜರಿದಿತ್ತು. ನೀರು ತುಂಬಿದ್ದ ಕಾಲದಲ್ಲಿ ಕೊಡಬೇಕಾಗಿದ್ದುದನ್ನು ನಾವು ಬತ್ತುವ ಕಾಲದಲ್ಲಿ ಕೊಡಲು ಬಂದಿದ್ದೆವು.

ಆಕಾರವನ್ನು ಸರಿ ಅರ್ಧ ಮಾಡಿದರೆ ಇಬ್ಬರಿಗೂ 4 ರೂಪಾಯಿ 14 ಆಣೆ ಬರಬೇಕು. ಅದಕ್ಕಾಗಿ ಮೂಡಣದಿಂದ ಇನ್ನೂ 1 ಎಕರೆ 23 ಗುಂಟೆ ಚಿಕ್ಕಪ್ಪನವರ ಕಡೆಗೆ ಹೋಗಬೇಕಾಯಿತು. ಬಾವಿಯೂ ಆ ಪಟ್ಟಿಯೊಳಗೇ ಬಂದಿತು. ನಮಗೆ 4 ಎಕರೆ 25 ಗುಂಟೆ, ಅವರಿಗೆ 7 ಎಕರೆ 31 ಗುಂಟೆ. ಕಾಗದಪತ್ರಗಳನ್ನು ಹಾಗೆಯೇ ಮಾಡಿಸಿದೆವು. ಪಹಣಿಯನ್ನು ನೋಡಿದವರು ಇಂದು ಇದನ್ನು ಅಸಮಪಾಲೆಂದು ಹೇಳುತ್ತಾರೆ, ನಾವು ವಾದಿಸುವುದಿಲ್ಲ. ಹದಿನಾರು ವರ್ಷ ಆ ನೀರಿನಿಂದ ನಮ್ಮ ಪಾಲಿನಲ್ಲಿ ಬೆಳೆದ ಗೋಧಿ, ಕಡಲೆಗಳು ಪುಣೆಗೆ ಹಣವಾಗಿ ಬಂದು ನಮ್ಮ ಮನೆಯ ಬಾಡಿಗೆಯಾಗಿದ್ದವು, ಮಕ್ಕಳ ಪುಸ್ತಕಗಳಾಗಿದ್ದವು. ಅದನ್ನು ಹಿಂತಿರುಗಿಸುವ ಬಗೆ ನಮಗೆ ಕಾಣಲಿಲ್ಲ. ಚಿಕ್ಕಪ್ಪನವರು ಅದರ ಮಾತೆತ್ತಲಿಲ್ಲ. ನಾವು ಈಗ ಅವರ ಮೌನವನ್ನು ಒಪ್ಪಿಗೆಯೆಂದು ಓದುವುದಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರ ಮನೆಗಳಿಗೆ ಊರಿನಲ್ಲಿ ಇಂದಿಗೂ ತುಂಡು ಹೊಲವೋ ಹಳೆಯ ಮನೆಯೋ ಇರಬಹುದು. ನೀವು ಓದಿದವರೆಂದು ಎಂದಾದರೊಂದು ದಿನ ಹಿರಿಯರು ಕಾಗದವನ್ನು ನಿಮ್ಮ ಕೈಗೆ ಕೊಟ್ಟು ಲೆಕ್ಕ ಮಾಡೆಂದು ಹೇಳಿಯಾರು. ಅಂದು ಭಾಗಾಕಾರವನ್ನು ತಪ್ಪಿಲ್ಲದೆ ಮಾಡಿರಿ. ಅದು ಬೇಕೇ ಬೇಕು. ಆದರೆ ಅದಕ್ಕೆ ಮೊದಲು ಈ ಅಂಕಿಯನ್ನು ಯಾರು, ಯಾತಕ್ಕಾಗಿ ಬರೆದರು ಎಂದು ಕೇಳಿರಿ. ಬಳಿಕ ಹೊಲಕ್ಕೆ ಹೋಗಿ, ಕಾಗದದಲ್ಲಿಲ್ಲದ್ದು ಏನಿದೆಯೆಂದು ಅಲ್ಲಿ ದುಡಿದವರನ್ನು ಕೇಳಿರಿ. ಅವರು ಮಾತನಾಡದೆ ಟೋಪಿ ತಲೆಗಿಟ್ಟುಕೊಂಡು ಎದ್ದರೆ, ಪೆನ್ಸಿಲನ್ನು ಕೆಳಗಿಟ್ಟು ಅವರನ್ನು ಮರಳಿ ಕರೆಯಿರಿ. ಲೆಕ್ಕ ಇನ್ನೂ ಮುಗಿದಿಲ್ಲ.